ಇಸಿಕ್‌ಕುಲ್ ದಂಡೆಯ ಸೋವಿಯತ್ ಕಾಲದ ಸ್ಯಾನಟೋರಿಯಂ: ಇನ್ನೂ ನಾಲ್ಕು ರಾತ್ರಿ ಇರೋದಾ, ಬಿಟ್ಟು ಹೋಗೋದಾ?

ಬೆಣ್ಣೆದೋಸೆ_ಶಂಕ್ರ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟಾಗಿ ಸಲಹೆ ಬೇಕಿತ್ತು. ಮಗಳು ಬಿಷ್ಕೆಕ್‌ನಲ್ಲಿ ಎಂಬಿಬಿಎಸ್ ಮೂರನೇ ವರ್ಷ. ನಾನು, ನಮ್ಮ ಮನೆಯವರು, ನಮ್ಮ ತಾಯಿ (72 ವರ್ಷ, ಎರಡೂ ಮಂಡಿ ಹೋಗಿವೆ) ಅವಳನ್ನ ನೋಡೋಕೆ ಅಂತ ಕಿರ್ಗಿಸ್ತಾನಕ್ಕೆ ಬಂದಿದೀವಿ. ಚೊಲ್ಪೊನ್ ಅತಾ ಊರಿನ ಹತ್ತಿರ ಇಸಿಕ್‌ಕುಲ್ ಸರೋವರದ ದಂಡೆ ಮೇಲೆ ಆರು ರಾತ್ರಿಗೆ ಮಗಳೇ ರೂಮ್ ಹಿಡಿದಳು. ಮೂರು ಹೊತ್ತು ಊಟ, ಮೇಲೆ "ಟ್ರೀಟ್‌ಮೆಂಟ್" ಬೇರೆ, ಎಲ್ಲ ಸೇರಿ ತಲೆಗೆ ದಿನಕ್ಕೆ ಮೂರು ಸಾವಿರ ಸೋಮ್. ನಮ್ಮ ರೂಪಾಯಿಗೂ ಸೋಮ್‌ಗೂ ಹೆಚ್ಚುಕಮ್ಮಿ ಒಂದೇ ಲೆಕ್ಕ, ಹಾಗಾಗಿ ಅಗ್ಗ ಅಂತ ಕುಣ್ಕೊಂಡು ಬಂದ್ವಿ.

ಬಂದು ನೋಡಿದ್ರೆ ಇದು ಹೋಟೆಲ್ಲೋ, ಜಿಲ್ಲಾಸ್ಪತ್ರೆಯೋ, ಹಾಸ್ಟೆಲ್ಲೋ ಒಂದೂ ಗೊತ್ತಾಗ್ತಿಲ್ಲ. ಏಳು ಮಹಡಿ ಕಾಂಕ್ರೀಟು. ಲಾಬಿಯಲ್ಲಿ ಮದುವೆ ಛತ್ರದಂಥ ತೂಗುದೀಪ, ಉರಿಯೋದು ಅರ್ಧ ಬಲ್ಬು. ಕಾರಿಡಾರಿನಲ್ಲಿ ಕೆಂಪು ಕಂಬಳಿ ಹಾಸಿದಾರೆ, ಜನ ನಡೆದೂ ನಡೆದೂ ನಡುವೆ ಬಿಳಿ ದಾರ ಎದ್ದಿದೆ. ರೂಮಲ್ಲಿ ಆ ಗೋಡೆಗೊಂದು ಈ ಗೋಡೆಗೊಂದು ಒಂಟಿ ಮಂಚ. ಹೊದಿಕೆ ಅಂದ್ರೆ ಒಂದು ಬಟ್ಟೆ ಚೀಲ, ಅದರೊಳಗೆ ಉಣ್ಣೆ ಕಂಬಳಿ ತುರುಕಿದಾರೆ, ಮೇಲುಗಡೆ ನಟ್ಟನಡುವೆ ಶಂಕರಪೋಳಿ ಆಕಾರದ್ದೊಂದು ತೂತು. ರಾತ್ರಿ ನನ್ನ ಕಾಲು ಆ ತೂತಿನೊಳಗೆ ಹೋಗಿ ಸಿಕ್ಕಿಹಾಕ್ಕೊಂಡು, ಎದ್ದು ಬಚ್ಚಲಿಗೆ ಹೋಗೋಕೆ ಅಂತ ಹೊರಟವನು ಕಂಬಳಿ ಸಮೇತ ಬಿದ್ದೆ. ಬಿಸಿನೀರು ಬೆಳಗ್ಗೆ 7ರಿಂದ 9. ಮೊದಲ ಎರಡು ನಿಮಿಷ ಬರೋದು ಟೀ ಬಣ್ಣದ್ದು.

ಬೀಗದ ಕೈಗೆ ಬುಗುರಿಯಷ್ಟು ದಪ್ಪದ ಮರದ ತುಂಡು ಕಟ್ಟಿದಾರೆ. ಹೊರಗೆ ಹೋಗುವಾಗ್ಲೆಲ್ಲ ಮಹಡಿಯಲ್ಲಿ ಮೇಜು ಹಾಕ್ಕೊಂಡು ಕೂತಿರೋ ಅಜ್ಜಿ ಕೈಗೆ ಕೊಟ್ಟು ಹೋಗಬೇಕು. ನಿನ್ನೆ ಡಾಕ್ಟರು ಕರೆದು ನಮ್ಮೆಲ್ಲರ ಬಿಪಿ ನೋಡಿ ಒಂದೊಂದು ಸೀಲು ಹೊಡೆದ ಪುಸ್ತಕ ಕೊಟ್ಟರು. ನಾನು ರಜೆಗೆ ಬಂದೋನು ಸ್ವಾಮಿ!

ನಮ್ಮ ಮನೆಯವರು "ಪಕ್ಕದಲ್ಲಿ ಹೊಸ ಗಾಜಿನ ಹೋಟೆಲ್ ಇದೆ, ನಡೀರಿ" ಅಂತಿದಾರೆ. ಅರ್ಧ ದುಡ್ಡು ಕಟ್ಟಾಗಿದೆ. ಬಾಲ್ಕನಿಯಿಂದ ಕಾಣೋ ನೀರು, ಅದರಾಚೆ ಹಿಮದ ಬೆಟ್ಟ ಮಾತ್ರ ಸುಳ್ಳು ಹೇಳಬಾರದು, ಎರಡು ಕಣ್ಣು ಸಾಲದು. ಏನು ಮಾಡಲಿ?

ಗಾಂಧಿಬಜಾರ್ ಗುಂಡ
ಬಿಟ್ಟು ಹೋಗಿ. ಅರ್ಧ ದುಡ್ಡು ಹೋದ್ರೆ ಹೋಯ್ತು. ಹೆಂಡತಿ ಮಾತು ಕೇಳದೆ ಉದ್ಧಾರ ಆದವರನ್ನ ನಾನು ನೋಡಿಲ್ಲ.

ಕಿರ್ಗಿಜ್‌ನಲ್ಲಿ ಕನ್ನಡಿಗ
ಶಂಕ್ರಣ್ಣ, ದಯವಿಟ್ಟು ಬಿಡಬೇಡಿ. ನಾನೂ ಅಲ್ಲೇ ಓದಿದವನು, ಈಗ ಮುಗಿಸಿ ಊರಿಗೆ ಬಂದಿದೀನಿ. ನೀವು ಹೋಟೆಲ್ ಅಂದ್ಕೊಂಡು ಹೋಗಿದ್ದೇ ತಪ್ಪು. ಸ್ಯಾನಟೋರಿಯಂ ಅಂದ್ರೆ ಬೇರೆ ಜಾತಿ. ಸೋವಿಯತ್ ಕಾಲದಲ್ಲಿ ಕಾರ್ಖಾನೆಯವರಿಗೆ, ಮೇಷ್ಟ್ರುಗಳಿಗೆ, ಗಣಿ ಕೆಲಸದವರಿಗೆ ಕಾರ್ಮಿಕ ಸಂಘದಿಂದ "ಪುತ್ಯೋವ್ಕಾ" ಅಂತ ಚೀಟಿ ಸಿಗ್ತಿತ್ತು. ಅದರಲ್ಲಿ ಇಂಥ ಊರು, ಇಂಥ ಸ್ಯಾನಟೋರಿಯಂ, ಇಷ್ಟು ದಿನ (ಹೆಚ್ಚಾಗಿ 24) ಅಂತ ಬರೆದಿರೋದು. ಖರ್ಚಿನ ಬಹುಪಾಲು ಸಂಘದ್ದು. ಮೋಜು ಮಾಡು ಅಂತ ಕೊಡ್ತಿದ್ದ ರಜೆ ಅಲ್ಲ ಅದು, ರಿಪೇರಿ ಆಗಿ ಬಾ ಅಂತ ಕಳಿಸೋದು. ಹೋದ ತಕ್ಷಣ ಡಾಕ್ಟರು ನೋಡ್ತಾರೆ, ಪುಸ್ತಕದಲ್ಲಿ ಯಾವ ಹೊತ್ತಿಗೆ ಕೆಸರು, ಯಾವ ಹೊತ್ತಿಗೆ ಸ್ನಾನ, ಯಾವ ಹೊತ್ತಿಗೆ ಕರೆಂಟು ಚಿಕಿತ್ಸೆ ಅಂತ ಬರೀತಾರೆ.

ಒಂಟಿ ಮಂಚಕ್ಕೂ ಕಾರಣ ಇದೆ. ಚೀಟಿ ಕೊಡ್ತಿದ್ದದ್ದು ಕೆಲಸ ಮಾಡೋ ಮನುಷ್ಯನಿಗೆ, ಸಂಸಾರಕ್ಕಲ್ಲ. ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ, ಮಕ್ಕಳು ಪಯೋನಿಯರ್ ಕ್ಯಾಂಪಲ್ಲಿ. ನಿಮ್ಮ ಜೊತೆ ರೂಮಲ್ಲಿ ಯಾರೋ ಗುರುತಿಲ್ಲದವನು ಗೊರಕೆ ಹೊಡೀತಿರ್ತಿದ್ದ.

ಗಾಂಧಿಬಜಾರ್ ಗುಂಡ
ಗಂಡ ಒಂದು ಕಡೆ ಹೆಂಡತಿ ಒಂದು ಕಡೆ... ಇದನ್ನ ಮೊದಲೇ ಹೇಳಬಾರದಿತ್ತಾ. ನನ್ನ ಸಲಹೆ ವಾಪಸ್.

ಧಾರವಾಡ ಫೇಡೆ
ಶಂಕ್ರಣ್ಣ ನಿಮ್ಮ ವರ್ಣನಾ ಓದಿ ನಮ್ಮ ಡ್ಯಾಮಿನ ಹಂತೇಕಿನ ಹಳೇ ಐಬಿ ನೆನಪಾತ್ರೀ. ಅಲ್ಲೂ ಹಿಂಗ, ದೊಡ್ಡ ಹಾಲು, ಗೋಡಿ ಮ್ಯಾಲೆ ಯಾವನೋ ಚೀಫ್ ಇಂಜಿನಿಯರ್ ಫೋಟೋ, ಗೀಜರ್ ಅದ ಆದ್ರ ವೈರ್ ಇಲ್ಲ. ಖಾನ್‌ಸಾಮಾನ ಕೇಳಿದ್ರ "ಸಾಹೇಬ್ರು ಬಂದಾಗ ಹಚ್ತೇವ್ರೀ" ಅಂತಿದ್ದ. ಯಾವ ಸಾಹೇಬ್ರೂ ಇಪ್ಪತ್ತು ವರ್ಷದಾಗ ಬಂದಿಲ್ಲ. ಆದ್ರ ಮುಂದಿನ ಕಟ್ಟಿ ಮ್ಯಾಲೆ ಕುಂತು ನೀರು ನೋಡಿದ್ರ ಪಂಚತಾರಾ ಹೋಟೆಲ್ಲ ನಿವಾಳಿಸಿ ಒಗೀಬೇಕು.

ಐಟಿ_ಸುಬ್ಬಿ
ನನಗೆ ಈ ಹಳೇದೆಲ್ಲ ಹೊನ್ನು ಅನ್ನೋ ಮಾತೇ ಹಿಡಿಸಲ್ಲ. ನಲ್ಲೀಲಿ ಟೀ ಬಣ್ಣದ ನೀರು ಬಂದ್ರೆ ಅದು ಇತಿಹಾಸ ಅಲ್ಲ, ತುಕ್ಕು. ಬಾಲ್ಕನಿ ಸಿಮೆಂಟು ಉದುರ್ತಿದ್ರೆ ಅದು ವಾತಾವರಣ ಅಲ್ಲ, ಅಪಾಯ. ಫೋಟೋ ತೆಗೆಯೋರು ಎರಡು ದಿನ ಇದ್ದು ಹೋಗ್ತಾರೆ. ಮಂಡಿ ನೋವಿನ 72 ವರ್ಷದ ಹೆಂಗಸು ಆ ಲಿಫ್ಟು ನಂಬ್ಕೊಂಡು ಇರಬೇಕಾ? ಶಂಕ್ರ ಸರ್, ಎಷ್ಟನೇ ಮಹಡಿ ನಿಮ್ಮದು?

ಬೆಣ್ಣೆದೋಸೆ_ಶಂಕ್ರ
ಐದು. ಲಿಫ್ಟ್ ಬಟನ್ ಸುಟ್ಟು ಕರಗಿದೆ, 5 ಯಾವುದು 6 ಯಾವುದು ಅಂತ ಮುಟ್ಟಿ ನೋಡಿ ಒತ್ತಬೇಕು. ನಿಮ್ಮ ಮಾತು ನಮ್ಮ ಮನೆಯವರಿಗೆ ಓದಿ ಹೇಳಿದೆ, ನಿಮಗೆ ಮಂಡಕ್ಕಿ ಪಾರ್ಸೆಲ್ ಕಳಿಸ್ತಾರಂತೆ.

ಮೈಸೂರ್ ಮೇಷ್ಟ್ರು (ನಿವೃತ್ತ)
ಐಟಿ ಸುಬ್ಬಿಯವರ ಮಾತು ಸರಿ, ಆದರೆ ತುಕ್ಕು ಯಾಕೆ ಹಿಡಿಯಿತು ಅಂತಲೂ ಕೇಳಬೇಕು. ಕ್ರಿಮಿಯಾದ ಲಿವಾದಿಯಾದಲ್ಲಿ ರಷ್ಯದ ಚಕ್ರವರ್ತಿಯ ಬೇಸಿಗೆ ಅರಮನೆ ಇತ್ತಲ್ಲ, ಕ್ರಾಂತಿಯಾದ ಮೇಲೆ ಅದನ್ನೇ ರೈತರ ಸ್ಯಾನಟೋರಿಯಂ ಮಾಡಿದರು. ಅಲ್ಲಿಂದ ಶುರುವಾದದ್ದು ದೇಶದ ಉದ್ದಗಲಕ್ಕೂ ಹಬ್ಬಿತು. 1991ರಲ್ಲಿ ಆ ದೇಶವೇ ಹೋಯಿತು. ಚೀಟಿ ಹಂಚುತ್ತಿದ್ದ ಸಂಘವೂ ಇಲ್ಲ, ದುಡ್ಡು ಕಳಿಸುತ್ತಿದ್ದ ಮಾಸ್ಕೋವೂ ಇಲ್ಲ. ನೂರಾರು ಹಾಸಿಗೆಯ ಕಟ್ಟಡ, ವರ್ಷದಲ್ಲಿ ಜುಲೈ ಆಗಸ್ಟ್ ಎರಡೇ ತಿಂಗಳ ವ್ಯಾಪಾರ. ಪೈಪು ಬದಲಿಸುವವರು ಯಾರು?

ಇನ್ನೊಂದು ವಿಷಯ. ನಾವು ಹುಡುಗರಾಗಿದ್ದಾಗ 'ಸೋವಿಯತ್ ಲ್ಯಾಂಡ್' ಪತ್ರಿಕೆ ಕನ್ನಡದಲ್ಲೇ ಬರುತ್ತಿತ್ತು. ನುಣುಪು ಕಾಗದ. ಓದುತ್ತಿದ್ದವರು ಕಡಿಮೆ, ನೋಟ್‌ಬುಕ್ಕಿಗೆ ರಟ್ಟು ಹಾಕುತ್ತಿದ್ದವರೇ ಎಲ್ಲ. ನನ್ನ ಗಣಿತದ ಪುಸ್ತಕದ ಮೇಲೆ ಒಂದು ವರ್ಷ ಪೂರ್ತಿ ಇಂಥದ್ದೇ ಒಂದು ಕಟ್ಟಡ, ಮುಂದೆ ನೀರು, ಬಿಳಿ ಟೋಪಿ ಹಾಕಿದ ಹೆಂಗಸು ನಗುತ್ತಾ ನಿಂತಿದ್ದಳು. ಶಂಕರ್ ಅವರೇ, ಒಂದು ಫೋಟೋ ಹಾಕಿ.

ಕುಡ್ಲದ ಕುಸಾಲ್
ಮೇಷ್ಟ್ರೇ, ನಮ್ಮಲ್ಲಿ ಆ ಕಾಗದ ಮೀನಿನ ಅಂಗಡಿಗೂ ಹೋಗ್ತಿತ್ತು ಮಾರಾಯ್ರೇ. ಬಂಗುಡೆ ಕಟ್ಟಿದ್ರೂ ನೀರು ಸೋರ್ತಿರಲಿಲ್ಲ. ಅಷ್ಟು ಗಟ್ಟಿ ಸರಕಾರ.

ನವಿಲೂರು
ಇಷ್ಟೆಲ್ಲ ಮಾತಾಡ್ತಿದೀರಿ, ಆ ಸರೋವರ ಚಳಿಗಾಲದಲ್ಲಿ ಹೆಪ್ಪುಗಟ್ಟತ್ತಲ್ಲ, ಆಗ ಹೋದ್ರೆ ರೇಟು ಇನ್ನೂ ಕಡಿಮೆ.

ಕಿರ್ಗಿಜ್‌ನಲ್ಲಿ ಕನ್ನಡಿಗ
ಇಲ್ಲ ಇಲ್ಲ, ಇಸಿಕ್‌ಕುಲ್ ಹೆಪ್ಪುಗಟ್ಟಲ್ಲ. ಹೆಸರಿನ ಅರ್ಥವೇ "ಬಿಸಿ ಸರೋವರ". ಸಮುದ್ರಮಟ್ಟದಿಂದ ಸುಮಾರು 1600 ಮೀಟರ್ ಎತ್ತರದಲ್ಲಿದೆ, ಆದ್ರೂ ಗಟ್ಟಲ್ಲ, ಯಾಕಂದ್ರೆ ನೀರು ಸ್ವಲ್ಪ ಉಪ್ಪು, ಆಳ 668 ಮೀಟರ್. ಬೇಸಿಗೆಯಲ್ಲಿ ಕುಡಿದ ಬಿಸಿಲನ್ನ ಅಷ್ಟು ನೀರು ಸುಲಭಕ್ಕೆ ಬಿಟ್ಟುಕೊಡಲ್ಲ. ನೂರಕ್ಕೂ ಹೆಚ್ಚು ಹೊಳೆ ಒಳಗೆ ಬೀಳ್ತವೆ, ಒಂದೂ ಹೊರಗೆ ಹೋಗಲ್ಲ. ಚಳಿಗಾಲದಲ್ಲಿ ರೇಟು ಕಡಿಮೆ ಅನ್ನೋದು ನಿಜ, ಆದ್ರೆ ಎಷ್ಟೋ ಕಡೆ ಬೀಗ ಹಾಕಿರತ್ತೆ. ತೆರೆದಿದ್ದರೂ ಆ ಏಳು ಮಹಡಿ ಬಿಸಿ ಮಾಡೋಷ್ಟು ಕಲ್ಲಿದ್ದಲು ಯಾರೂ ಸುಡಲ್ಲ.

ಕುಡ್ಲದ ಕುಸಾಲ್
ಉಪ್ಪು ನೀರು ಅಂದ್ರೆ ನಮ್ಮ ಪಣಂಬೂರು ಹಾಗೆಯಾ? ಬಾಯಿಗೆ ಹೋದ್ರೆ ವಾಕರಿಕೆ ಬರ್ತದಾ?

ಕಿರ್ಗಿಜ್‌ನಲ್ಲಿ ಕನ್ನಡಿಗ
ಅಷ್ಟಿಲ್ಲ. ಸಮುದ್ರದಲ್ಲಿ ಲೀಟರಿಗೆ 35 ಗ್ರಾಂ ಉಪ್ಪು, ಇಲ್ಲಿ ಆರರ ಆಸುಪಾಸು. ಸಪ್ಪೆ ಸಾರಿನ ಹಾಗೆ. ಇದೇ ಸರೋವರದ ಪೂರ್ವ ತುದಿ ಕರಕೋಲ್ ಕಡೆ ಸೋವಿಯತ್ ನೌಕಾಪಡೆ ಟಾರ್ಪಿಡೋ ಪರೀಕ್ಷೆ ಮಾಡ್ತಿತ್ತು. ಸಮುದ್ರ ಇರೋದು ಸಾವಿರಾರು ಕಿಲೋಮೀಟರ್ ದೂರ, ಬೆಟ್ಟದ ಮೇಲೆ ನೌಕಾಪಡೆ!

ದಾಸನಪುರ
ಊಟದ ಕಥೆ ಏನಾಯ್ತು? ನಮ್ಮ ತಂಗಿ ಮಗನೂ ಅಲ್ಲೇ ಓದೋಕೆ ಹೋಗಿದಾನೆ, ಸಸ್ಯಾಹಾರಿಗಳಿಗೆ ಕಷ್ಟ ಅಂತಾನೆ.

ಬೆಣ್ಣೆದೋಸೆ_ಶಂಕ್ರ
ಕೇಳಬೇಡಿ. ಗಂಟೆಗೆ ಸರಿಯಾಗಿ ಊಟದ ಮನೆ ಬಾಗಿಲು ತೆಗೀತಾರೆ, ಎಲ್ಲರಿಗೂ ನಂಬರ್ ಹಾಕಿದ ಟೇಬಲ್, ಆರು ದಿನವೂ ಅದೇ ಕುರ್ಚಿ. ಮೊದಲ ದಿನ ಸೂಪ್ ಬಂತು, ಒಳಗೆ ತುಂಡು. ಮಗಳು ರಷ್ಯನ್‌ನಲ್ಲಿ "ಬೆಜ್ ಮ್ಯಾಸ, ಬೆಜ್ ಮ್ಯಾಸ" ಅಂದಳು, ಮಾಂಸ ಬೇಡ ಅಂತ. ಹೂಂ ಅಂದು ಒಳಗೆ ತಗೊಂಡು ಹೋಗಿ ತುಂಡು ತೆಗೆದು ಅದೇ ಸೂಪ್ ತಂದಿಟ್ಟರು. ರಾತ್ರಿ ಮತ್ತೆ "ಬೆಜ್ ಮ್ಯಾಸ" ಅಂದ್ರೆ ಕೋಳಿ ತಂದರು. ಕೋಳಿ ಅಂದ್ರೆ ಮಾಂಸ ಅಲ್ವಂತೆ! ನಮ್ಮ ತಾಯಿ ಇಷ್ಟಲಿಂಗ ಕೈಲಿ ಹಿಡ್ಕೊಂಡು ಎದ್ದು ಹೋದರು. ಆಮೇಲೆ ರೂಮಲ್ಲಿ ಚಟ್ನಿಪುಡಿ, ಬ್ರೆಡ್ಡು. ಇಲ್ಲಿ ಬ್ರೆಡ್ಡು ಮಾತ್ರ ದುಂಡಗೆ, ನಡುವೆ ಚಿತ್ತಾರ ಒತ್ತಿ, ಬಲು ಚೆನ್ನಾಗಿರತ್ತೆ.

ಆಯುಷ್ಯ_ಗಟ್ಟಿ
ಇದಕ್ಕೆ ಉಪಾಯ ಇದೆ. ಸ್ಯಾನಟೋರಿಯಂ ಅಡುಗೆಮನೆ ನಡೆಯೋದು ಡಾಕ್ಟರ ಚೀಟಿ ಮೇಲೆ. ಪೆವ್ಜ್‌ನರ್ ಅಂತ ಒಬ್ಬ ವೈದ್ಯರು ಕಾಯಿಲೆಗೊಂದು ನಂಬರ್ ಹಾಕಿ 15 ಪಥ್ಯ ಮಾಡಿಟ್ಟಿದ್ದರು, ಆ ನಂಬರೇ ಇವತ್ತಿಗೂ ಓಡ್ತಿವೆ. 1 ಅಂದ್ರೆ ಹೊಟ್ಟೆ ಹುಣ್ಣು, 5 ಅಂದ್ರೆ ಲಿವರ್, 9 ಅಂದ್ರೆ ಸಕ್ಕರೆ ಕಾಯಿಲೆ, 15 ಅಂದ್ರೆ ಏನು ಬೇಕಾದ್ರೂ ತಿನ್ನು. ಸಸ್ಯಾಹಾರಕ್ಕೆ ಅಂತ ನಂಬರ್ ಇಲ್ಲ, ಅದಕ್ಕೇ ಬಡಿಸೋರಿಗೆ ಅರ್ಥ ಆಗಿಲ್ಲ. ಬಡಿಸೋರ ಹತ್ರ ಜಗಳ ಬೇಡ, ನಾಳೆ ಡಾಕ್ಟರ ಹತ್ರ ಹೋಗಿ ಮಾಂಸ, ಕೋಳಿ, ಮೀನು ಮೂರೂ ಬೇಡ ಅಂತ ಪುಸ್ತಕದಲ್ಲಿ ಬರೆಸಿ. ಗ್ರೆಚ್ಕಾ ಗಂಜಿ, ಮೊಸರಿನ ಥರದ ಕೆಫಿರ್, ಬೀಟ್‌ರೂಟ್, ಒಣಹಣ್ಣು ಕುದಿಸಿದ ಕಂಪೋತ್, ಇಷ್ಟು ಖಂಡಿತ ಸಿಗತ್ತೆ. ಗ್ರೆಚ್ಕಾ ಅಂದ್ರೆ ಉತ್ತರದವರು ಉಪವಾಸಕ್ಕೆ ತಿನ್ನೋ ಕುಟ್ಟು, ಬೇರೇನಲ್ಲ.

ನಿಜ ಹೇಳಬೇಕಂದ್ರೆ ನೀವು ಸುಮ್ಮನೆ ಬೈತಿದೀರಿ. ನಮ್ಮ ಕಡೆ ಪ್ರಕೃತಿ ಚಿಕಿತ್ಸೆಗೆ ದುಡ್ಡು ಕೊಟ್ಟು, ಮೂರು ತಿಂಗಳು ಮುಂಚೆ ಬುಕ್ ಮಾಡಿ, ಹೊಟ್ಟೆ ಮೇಲೆ ಮಣ್ಣು ಹಾಕಿಸ್ಕೊಂಡು, ಬೂದುಗುಂಬಳದ ರಸ ಕುಡಿದು ಬಂದು "ಅಬ್ಬಾ" ಅಂತೀರಿ. ಅಲ್ಲೂ ಅದೇ ಮಣ್ಣು.

ಐಟಿ_ಸುಬ್ಬಿ
ನಮ್ಮಲ್ಲಿ ಬಚ್ಚಲು ಚೊಕ್ಕಟ ಇರತ್ತೆ. ಅಷ್ಟೇ ವ್ಯತ್ಯಾಸ.

ಮುಂಡಗೋಡ ಹುಡುಗ
ಚೊಲ್ಪೊನ್ ಅತಾ ಇರೋದು ಉತ್ತರ ದಂಡೆ, ಜಾತ್ರೆ ಥರ ಗದ್ದಲ. ನಾನು ಹೋದ ವರ್ಷ ದಕ್ಷಿಣ ದಂಡೆಯ ತಮ್ಗಾದಲ್ಲಿದ್ದೆ. ಅಲ್ಲಿನ ಮಿಲಿಟರಿ ಸ್ಯಾನಟೋರಿಯಂ ಕಟ್ಟಿದವರು ಯಾರು ಗೊತ್ತಾ? ಎರಡನೇ ಮಹಾಯುದ್ಧದಲ್ಲಿ ಸೆರೆಸಿಕ್ಕ ಜಪಾನಿ ಸೈನಿಕರು. ಗಗಾರಿನ್ ಕೂಡ ಬಾಹ್ಯಾಕಾಶಕ್ಕೆ ಹೋಗಿ ಬಂದ ಮೇಲೆ ಇಲ್ಲಿ ಸುಧಾರಿಸ್ಕೊಂಡು ಹೋದ ಅಂತ ಆ ಕಡೆ ಎಲ್ಲರೂ ಹೇಳ್ತಾರೆ. ಹತ್ತಿರದ ಬಾರ್ಸ್‌ಕೂನ್ ಕಣಿವೆಯಲ್ಲಿ ಅವನ ತಲೆಯ ಶಿಲ್ಪ ನಿಲ್ಲಿಸಿದಾರೆ.

ನನಗೆ ಅದಕ್ಕಿಂತ ಹಿಡಿಸಿದ್ದು ತಮ್ಗಾ ತಾಷ್ ಬಂಡೆ. ಊರಿಂದ ಕಣಿವೆ ಒಳಗೆ ನಡ್ಕೊಂಡು ಹೋಗಬೇಕು. ಬೆವರು ಸುರಿಸ್ಕೊಂಡು ಹೋಗಿ ನೋಡ್ತೀನಿ, ಟಿಬೆಟನ್ ಲಿಪಿಯಲ್ಲಿ "ಓಂ ಮಣಿ ಪದ್ಮೇ ಹೂಂ"! ನಮ್ಮ ಮುಂಡಗೋಡ ಕ್ಯಾಂಪಿನಲ್ಲಿ ಚಹಾದಂಗಡಿ ಗೋಡೆ ಮೇಲೂ ಇರೋ ಅಕ್ಷರ. ಓದೋಕೆ ಬರಲ್ಲ, ಆಕಾರ ಮಾತ್ರ ಹುಟ್ಟಿದಾಗಿಂದ ಗೊತ್ತು. ಜೊತೆಗಿದ್ದ ಕಿರ್ಗಿಜ್ ಹುಡುಗ "ನಿನಗೆ ಹೆಂಗೆ ಗೊತ್ತು" ಅಂತ ಕೇಳಿದ, ಮುಂಡಗೋಡ ಎಲ್ಲಿದೆ ಅಂತ ಅವನಿಗೆ ಹೆಂಗೆ ಹೇಳಲಿ.

ಧಾರವಾಡ ಫೇಡೆ
ಮುಂಡಗೋಡದಾಗ ಮೊಮೊ ತಿನ್ನಾಕ ಹ್ವಾದ್ರ ಯಾವ ಅಂಗಡಿ ಚಲೋ ಐತಿ ಅದನ್ನ ಮೊದಲ ಹೇಳೋ ತಮ್ಮಾ.

ಮುಂಡಗೋಡ ಹುಡುಗ
ಬೇರೆ ಚರ್ಚೆ ತೆರೀರಿ ಅಣ್ಣಾ, ಅಲ್ಲಿ ಹೇಳ್ತೀನಿ.

ಯೆರೆವಾನ್ ರಿಟರ್ನ್
ಹಳೇ ಸೋವಿಯತ್ ವಸತಿ ಅಂದ್ರೆ ಎಲ್ಲ ಒಂದೇ ಅಚ್ಚು ಅಂದ್ಕೋಬೇಡಿ. ಆರ್ಮೇನಿಯದ ಸೆವಾನ್ ಸರೋವರದ ಮೇಲೆ ಲೇಖಕರ ಸಂಘದ ವಿಶ್ರಾಂತಿಗೃಹ ಇದೆ. 1930ರ ದಶಕದಲ್ಲಿ ಕೊಚಾರ್, ಮಜ್ಮನ್ಯಾನ್ ಅಂತ ಇಬ್ಬರು ವಾಸ್ತುಶಿಲ್ಪಿಗಳು ಕಟ್ಟಿದ್ದು. ಸ್ಟಾಲಿನ್ ಕಾಲದಲ್ಲಿ ಇಬ್ಬರನ್ನೂ ಹಿಡಿದು ಸೈಬೀರಿಯದ ನೊರಿಲ್ಸ್ಕ್‌ಗೆ ಅಟ್ಟಿದರು. ವರ್ಷಗಳಾದ ಮೇಲೆ ಬದುಕಿ ವಾಪಸ್ ಬಂದ ಕೊಚಾರ್, 60ರ ದಶಕದಲ್ಲಿ ಅದೇ ಕಟ್ಟಡದ ಪಕ್ಕಕ್ಕೆ ಊಟದ ಹಾಲ್ ಕಟ್ಟಿದ. ಒಂದೇ ಕಂಬದ ಮೇಲೆ ನಿಂತು ನೀರಿನ ಕಡೆ ಚಾಚಿದೆ, ಸುತ್ತ ಗಾಜು. ನಾನು ಅಲ್ಲಿ ಕೂತು ಒಂದು ಕಾಫಿ ಕುಡಿದೆ. ಕಾಫಿ ಕೆಟ್ಟದಾಗಿತ್ತು. ಎದ್ದು ಬರೋಕೆ ಮಾತ್ರ ಮನಸ್ಸಾಗಲಿಲ್ಲ.

ಆ ವಿಶ್ರಾಂತಿಗೃಹ ಕಟ್ಟಿದಾಗ ದ್ವೀಪದ ಮೇಲಿತ್ತು. ಕರೆಂಟಿಗೆ, ನೀರಾವರಿಗೆ ಅಂತ ನೀರು ಎಳೆದೂ ಎಳೆದೂ ಸರೋವರ ಸುಮಾರು 20 ಮೀಟರ್ ಇಳಿದು ದ್ವೀಪಕ್ಕೆ ನೆಲ ಅಂಟ್ಕೊಳ್ತು. ಈಗ ಕಾರಲ್ಲೇ ಹೋಗಬಹುದು.

ಐಟಿ_ಸುಬ್ಬಿ
ನೋಡಿ, ಇದನ್ನೇ ನಾನು ಹೇಳಿದ್ದು. ಕಟ್ಟಿದವನನ್ನ ಜೈಲಿಗೆ ಹಾಕಿದ ಸರ್ಕಾರ ಅದು. ಅದರ ಮಂಚ, ಕಂಬಳಿ ನೋಡಿ ಕರಗೋದು ಬೇಡ.

ಮೈಸೂರ್ ಮೇಷ್ಟ್ರು (ನಿವೃತ್ತ)
ಜೈಲಿಗೆ ಹಾಕಿದ್ದೂ ನಿಜ, ಗಣಿ ಕೆಲಸದವನಿಗೆ ವರ್ಷಕ್ಕೊಮ್ಮೆ ಸರೋವರ ತೋರಿಸಿದ್ದೂ ನಿಜ. ಒಂದನ್ನು ಹೇಳಲು ಇನ್ನೊಂದನ್ನು ಅಳಿಸಬೇಕಿಲ್ಲ. ನಾನು 34 ವರ್ಷ ಪಾಠ ಮಾಡಿದೆ, ನನ್ನ ಸಂಘ ನನಗೆ ಕೊಟ್ಟದ್ದು ಒಂದು ಗೋಡೆ ಗಡಿಯಾರ.

ಗಾಂಧಿಬಜಾರ್ ಗುಂಡ
ನಡೀತಿದೆಯಾ ಸರ್ ಗಡಿಯಾರ?

ಮೈಸೂರ್ ಮೇಷ್ಟ್ರು (ನಿವೃತ್ತ)
ನಿಂತಿದೆ.

ದಾಸನಪುರ
ಶಂಕ್ರ ಅವರೇ ಎರಡು ದಿನದಿಂದ ಸುದ್ದಿನೇ ಇಲ್ಲ. ಬಿಟ್ಟು ಹೋದ್ರಾ?

ಬೆಣ್ಣೆದೋಸೆ_ಶಂಕ್ರ
ವೈಫೈ ಲಾಬಿಯಲ್ಲಿ ಮಾತ್ರ, ಅದೂ ಒಂದು ಕಂಬದ ಪಕ್ಕ. ಅಲ್ಲಿ ಯಾವಾಗಲೂ ಕಜಾಕ್ ಹುಡುಗರ ಗುಂಪು.

ಬಿಟ್ಟು ಹೋಗಲಿಲ್ಲ. ಮನೆಯವರು ಸೂಟ್‌ಕೇಸ್ ಕಟ್ಟಿ ಬಾಗಿಲ ಹತ್ರ ಇಟ್ಟಿದ್ದರು, ನಮ್ಮ ತಾಯಿ ಹೊರಡಲ್ಲ ಅಂದರು. ಅವರ ಪುಸ್ತಕದಲ್ಲಿ ಹತ್ತೂಕಾಲಿಗೆ ಕೆಸರು ಅಂತ ಬರೆದಿದೆ. ಮೊದಲ ದಿನ ನಾನೇ ಕರ್ಕೊಂಡು ಹೋದೆ. ಹಾಸಿಗೆ ಮೇಲೆ ಎಣ್ಣೆಬಟ್ಟೆ ಹಾಸಿ, ಕುಲುಮೆಯಿಂದ ತೆಗೆದ ಹಾಗಿರೋ ಕಪ್ಪು ಕೆಸರನ್ನ ಎರಡೂ ಮಂಡಿಗೆ ಬಳಿದು, ಎಳೆಮಗು ಸುತ್ತಿದ ಹಾಗೆ ಸುತ್ತಿ, ಮರಳು ಗಡಿಯಾರ ತಿರುಗಿಸಿ ಇಟ್ಟು ಹೋದಳು ಆ ಹೆಂಗಸು. ನಾರೋದು ಮಾತ್ರ ಕೊಳೆತ ಮೊಟ್ಟೆ ಹಾಗೆ. ತಾಯಿ ಮೂಗು ಮುಚ್ಕೊಂಡು "ಶಿವಶಿವಾ" ಅಂತಿದ್ದರು. ಎರಡನೇ ದಿನ ಒಂಬತ್ತೂವರೆಗೇ ಹೋಗಿ ಬಾಗಿಲಲ್ಲಿ ಕೂತಿದ್ದರು. ಮಂಡಿ ವಾಸಿ ಆಗಿದೆ ಅಂತ ನಾನು ಹೇಳಲ್ಲ, ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿಯೋದು ಬಿಟ್ಟಿದಾರೆ, ಅಷ್ಟು ಕಂಡಿದೀನಿ.

ಆಯುಷ್ಯ ಗಟ್ಟಿ ಅವರೇ, ಡಾಕ್ಟರ ಉಪಾಯ ಕೆಲಸ ಮಾಡ್ತು. ಪುಸ್ತಕದಲ್ಲಿ ಏನೋ ಬರೆದು ಸೀಲು ಹೊಡೆದರು, ಅಂದಿನಿಂದ ನಮ್ಮ ಟೇಬಲ್ಲಿಗೆ ಗ್ರೆಚ್ಕಾ, ಬೀಟ್‌ರೂಟ್, ಬೇಯಿಸಿದ ಆಲೂಗಡ್ಡೆ. ಒಗ್ಗರಣೆ ಇಲ್ಲ ಅನ್ನೋದೊಂದೇ ಕೊರತೆ. ಉಪ್ಪಿನಕಾಯಿ ಕಲಸಿದ್ರೆ ನಡೆಯತ್ತೆ.

ನಮ್ಮ ಮನೆಯವರಿಗೆ ಇನ್ನೂ ಸಿಟ್ಟಿದೆ. ಶಾರ್ಕೋ ಶವರ್ ಅಂತ ಬರೆದಿದ್ದರಂತೆ. ಹೋದ್ರೆ ಗೋಡೆಗೆ ನಿಲ್ಲಿಸಿ, ಆಚೆಯಿಂದ ಒಬ್ಬಳು ಅಗ್ನಿಶಾಮಕದವರ ಥರ ಪೈಪ್ ಹಿಡ್ಕೊಂಡು ನೀರು ಬಿಟ್ಟಳಂತೆ. "ಎಮ್ಮೆ ತೊಳೆದ ಹಾಗೆ ತೊಳೆದಳು" ಅಂತ ಬಂದು ನನ್ನ ಮೇಲೆ ಹಾರಾಡಿದರು. ಅವರು ಸಂಜೆ ಹೊತ್ತು ಬಾಲ್ಕನೀಲೇ ಇರ್ತಾರೆ, ಫೋಟೋ ತೆಗೆದು ಅಕ್ಕತಂಗಿಯರಿಗೆ ಕಳಿಸ್ತಾರೆ. ಫೋಟೋದಲ್ಲಿ ಸಿಮೆಂಟು ಉದುರಿದ ಮೂಲೆ ಬರದ ಹಾಗೆ ನೋಡ್ಕೋತಾರೆ.

ಐಟಿ_ಸುಬ್ಬಿ
ಎಮ್ಮೆ ತೊಳೆದ ಹಾಗೆ 😂 ಅವರ ಪಾರ್ಟಿ ನಾನು. ಮಂಡಕ್ಕಿ ಮರೀಬೇಡಿ.

ಬೆಣ್ಣೆದೋಸೆ_ಶಂಕ್ರ
ಮಂಡಕ್ಕಿ ಖಾಲಿ. ಮಹಡಿ ಅಜ್ಜಿಗೆ ನಮ್ಮ ತಾಯಿ ಒಗ್ಗರಣೆ ಮಂಡಕ್ಕಿ ಪೊಟ್ಟಣ ಪೂರ್ತಿ ಕೊಟ್ಟುಬಿಟ್ಟರು. ಆಯಮ್ಮ ಬದಲಿಗೆ ಏಪ್ರಿಕಾಟ್ ಜಾಮ್ ಕೊಟ್ಟಳು. ಇವರು ಕನ್ನಡ, ಅವಳು ರಷ್ಯನ್, ದಿನಾ ಒಂದು ಗಂಟೆ ಮಾತು. ನನಗೆ ಅರ್ಥ ಆದ ಮಟ್ಟಿಗೆ ಇಬ್ಬರೂ ಸೊಸೆ ವಿಚಾರವೇ ಮಾತಾಡ್ತಿದ್ದರು.

ಗಾಂಧಿಬಜಾರ್ ಗುಂಡ
ಆ ಭಾಷೆಗೆ ಅನುವಾದ ಬೇಕಿಲ್ಲ.

ನವಿಲೂರು
ಹಾಗಾದ್ರೆ ನಾವು ಮುಂದಿನ ವರ್ಷ ಹೋಗಬಹುದಾ? ಬಿಷ್ಕೆಕ್‌ನಿಂದ ಎಷ್ಟು ದೂರ?

ಕಿರ್ಗಿಜ್‌ನಲ್ಲಿ ಕನ್ನಡಿಗ
ಸುಮಾರು 250 ಕಿಲೋಮೀಟರ್, ಬೂಮ್ ಕಣಿವೆ ದಾಟಿ ಹೋಗಬೇಕು. ಪಶ್ಚಿಮ ಬಸ್ ನಿಲ್ದಾಣದಿಂದ ಮರ್ಷ್ರೂತ್ಕಾ ಅಂತ ವ್ಯಾನ್ ಹೊರಡತ್ತೆ, ಸೀಟು ತುಂಬಿದ ಮೇಲೇ. ನಮ್ಮ ಟೆಂಪೋದವರ ಥರಾನೇ. ದಾರಿಯಲ್ಲಿ ಬಲಿಕ್ಚಿ ಹತ್ರ ಒಣಮೀನು ತೂಗುಹಾಕ್ಕೊಂಡು ನಿಂತಿರ್ತಾರೆ, ಕುಸಾಲಣ್ಣ ಇಳಿದುಬಿಡ್ತಾರೆ. ರೂಮ್ ಕೇಳುವಾಗ ಮೂರೇ ಪ್ರಶ್ನೆ ಕೇಳಿ: ಬಿಸಿನೀರು ಯಾವ ಹೊತ್ತು, ಲಿಫ್ಟ್ ಓಡತ್ತಾ, ರಿಪೇರಿ ಆದ ಬ್ಲಾಕಾ ಹಳೇದಾ. ಒಂದೇ ಕಾಂಪೌಂಡಲ್ಲಿ ಎರಡೂ ಇರತ್ತೆ, ಫೋಟೋ ಹಾಕೋದು ಹೊಸದ್ದು.

ಬೆಣ್ಣೆದೋಸೆ_ಶಂಕ್ರ
ಕೊನೇ ಪ್ರಶ್ನೆ, ಯಾರೂ ನಗಬೇಡಿ. ಬಿಷ್ಕೆಕ್‌ಗೆ ವಾಪಸ್ ಬಂದ್ವಿ. ಮಗಳ ರೂಮಲ್ಲಿ ಬ್ಯಾಗ್ ಬಿಚ್ಚಿದ್ರೆ ತಾಯಿ ಸೀರೆ ಮಡಿಕೆಯಲ್ಲಿ ಆ ಬುಗುರಿ ಬೀಗದ ಕೈ! ಕೇಳಿದ್ರೆ "ಅಜ್ಜಿ ಕುರ್ಚೀಲಿ ಇರಲಿಲ್ಲ, ಯಾರ ಕೈಗೆ ಕೊಡಲಿ" ಅಂತಾರೆ. ಪಾಪ, ಆಯಮ್ಮನ ತಲೆ ಮೇಲೆ ಬರತ್ತೆ. ಹೇಗೆ ಕಳಿಸೋದು?

ಕಿರ್ಗಿಜ್‌ನಲ್ಲಿ ಕನ್ನಡಿಗ
ಚಿಂತೆ ಬೇಡ. ಬಸ್ ನಿಲ್ದಾಣಕ್ಕೆ ಹೋಗಿ ಚೊಲ್ಪೊನ್ ಅತಾ ವ್ಯಾನಿನ ಡ್ರೈವರ್ ಕೈಗೆ ಕೊಡಿ. ಕಾಗದದಲ್ಲಿ ಜಾಗದ ಹೆಸರು, ಮಹಡಿ ನಂಬರ್ ರಷ್ಯನ್‌ನಲ್ಲಿ ಮಗಳ ಕೈಲಿ ಬರೆಸಿ. ನೂರು ಸೋಮ್ ಕೊಟ್ರೆ ಮುಟ್ಟಿಸ್ತಾನೆ.

ಬೆಣ್ಣೆದೋಸೆ_ಶಂಕ್ರ
ಕೊಟ್ಟು ಬಂದೆ. ಜೊತೆಗೆ ಒಂದು ಚಟ್ನಿಪುಡಿ ಪೊಟ್ಟಣಾನೂ ಇಟ್ಟಿದಾರೆ ತಾಯಿ. ಡ್ರೈವರ್ ಬಿಚ್ಚಿ ಮೂಸಿ ನೋಡಿ, ಮೂರು ಸಲ ಸೀನಿ, ಇನ್ನೂರು ಕೇಳಿದ.